ಕಾಗದದ ಬೆನ್ನಿನಿಂದ ಓದಿದವರು

ನನ್ನನ್ನು ‘ದಾರಶಾ ಸಾಹೇಬ್ರೇ’ ಎಂದು ಕರೆಯುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ ಇದ್ದರು. ಅವರು ಹೋದ ತಿಂಗಳು ತೀರಿಕೊಂಡರು. ನನ್ನ ಹೆಸರು ಶಾರದಾ. ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿಕೊಂಡು ಬಂದರೆ ದಾರಶಾ ಆಗುತ್ತದೆ. ನಾನು ಪ್ರೆಸ್ಸಿಗೆ ಸೇರಿದ ಮೊದಲ ದಿನ ಅವರು ನನ್ನ ಹೆಸರು ಕೇಳಿ, ಒಂದು ಗಳಿಗೆ ಕಣ್ಣು ಮುಚ್ಚಿ, ಎದ್ದು ನಿಂತು ಸಲಾಂ ಹೊಡೆದಿದ್ದರು. “ಬರ್ಬೇಕು ಬರ್ಬೇಕು, ದಾರಶಾ ಸಾಹೇಬ್ರು ಬಂದವ್ರೆ, ಕುರ್ಚಿ ಹಾಕ್ರಪ್ಪ!” ಕೊಡ್ಲಿಪೇಟೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಇಪ್ಪತ್ತೆರಡರ ಹುಡುಗಿ ನಾನು. ಎಲ್ಲರೂ ನಕ್ಕಾಗ ನನಗೆ ಅಳು ಬಂದಿತ್ತು.

ಊರಿನವರು ಅವರನ್ನು ಉಲ್ಟಾಣ್ಣ ಎನ್ನುತ್ತಿದ್ದರು. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೊಂದು ಗುಟ್ಟಿತ್ತು. ಅದು ಹೊರಬಿದ್ದರೆ ಶನಿವಾರಸಂತೆ ಊರಿನಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ ಎಂದು ಅವರು ನಂಬಿದ್ದರು. ಅದನ್ನು ಕಾಯುವ ಕೆಲಸ ಮೂರು ವರ್ಷ ನನ್ನದಾಗಿತ್ತು. ನಾನು ಕಾಯಲಿಲ್ಲ. ಹೋದವರ ಗುಣಗಾನ ಮಾಡುವ ಯೋಗ್ಯತೆ ನನಗಿಲ್ಲವಾದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅವರು ಮೊಳೆ ಜೋಡಿಸುವವರು. ಸೀಸದ ಅಕ್ಷರಗಳಿಗೆ ನಮ್ಮ ಪ್ರೆಸ್ಸಿನಲ್ಲಿ ಮೊಳೆ ಎನ್ನುತ್ತಿದ್ದೆವು. ಎಡಗೈಯಲ್ಲಿ ಕಬ್ಬಿಣದ ಪಟ್ಟಿ ಹಿಡಿದು, ಬಲಗೈಯಿಂದ ಮರದ ಖಾನೆಗಳಿಂದ ಒಂದೊಂದೇ ಮೊಳೆ ಎತ್ತಿ ಸಾಲು ಕಟ್ಟುವ ಕೆಲಸ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಾಣುವಂತೆ ತಿರುಗಿರುತ್ತದೆ, ಜೋಡಿಸುವಾಗ ಸಾಲು ತಲೆಕೆಳಗಾಗಿರುತ್ತದೆ. ಹೊಸಬರಿಗೆ ಅದನ್ನು ಓದಲು ಹೋದರೆ ತಲೆ ಸುತ್ತುತ್ತದೆ. ಅವರು ಮಾತ್ರ ಕಟ್ಟಿಟ್ಟ ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ, “ನಾಕನೇ ಸಾಲಲ್ಲಿ ‘ಳ’ ಬದಲು ‘ಲ’ ಕೂತದೆ” ಎಂದುಬಿಡುತ್ತಿದ್ದರು. ಪ್ರೂಫ್ ತೆಗೆದು ನೋಡಿದರೆ ಹಾಗೆಯೇ ಇರುತ್ತಿತ್ತು.

ಮಾತನ್ನು ತಿರುಗಿಸುವ ಚಟ ಅಲ್ಲಿಂದಲೇ ಬಂದದ್ದು ಎಂದು ಎಲ್ಲರೂ ತಿಳಿದಿದ್ದರು. ಊರಿಗೆ ಅವರು ಇಟ್ಟ ಹೆಸರು ತೆಸಂರವಾನಿಶ. ಅದನ್ನು ತಡವರಿಸದೆ ಹೇಳುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಎದುರಿನ ಹೋಟೆಲಿಗೆ ಹೋಗಿ “ಮೂರು ಫಿಕಾ ಕಳ್ಸಿ” ಎನ್ನುತ್ತಿದ್ದರು. ನಮ್ಮ ಟ್ರೆಡಲ್ ಮೆಷಿನ್ನು ತುಳಿಯುತ್ತಿದ್ದ ಬಾಷಾ ಭಾಯ್‌ಗೆ ಅದು ಬಲು ಇಷ್ಟ. ಅವರ ಮನೆಮಾತಿನಲ್ಲಿ ಫೀಕಾ ಎಂದರೆ ಸಪ್ಪೆ. “ಸಚ್ ಬಾತ್ ಅಣ್ಣಾ, ಆ ಹೋಟ್ಲು ಕಾಫಿಗೆ ಅದೇ ಕರೆಕ್ಟ್ ಹೆಸ್ರು” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಫಿ ಬೆಳೆಯುವ ಊರಲ್ಲಿ ಅಷ್ಟು ಕೆಟ್ಟ ಕಾಫಿ ಕುಡಿದದ್ದು ನಾವೇ ಇರಬೇಕು.

ಮದುವೆ ಪತ್ರಿಕೆಗೆ ಬಂದವರು ಕೆಲಸ ಮುಗಿದರೂ ಹೋಗುತ್ತಿರಲಿಲ್ಲ. ಹುಡುಗ ಹುಡುಗಿಯ ಹೆಸರನ್ನು ಅವರ ಬಾಯಲ್ಲಿ ತಿರುಗಿಸಿ ಕೇಳಿಕೊಂಡೇ ಹೋಗಬೇಕು. ನಯನ ಎಂಬ ಹುಡುಗಿಯ ತಂದೆ ಬಂದಾಗ ಅವರು ಕೈಯೆತ್ತಿಬಿಟ್ಟರು. “ಎಲ್ಲಿಂದ ಓದಿದ್ರೂ ನಯನನೇ. ನಿಮ್ ಮಗ್ಳು ಅತ್ತೆ ಮನೆಗೆ ಹೋದ್ರೂ ಬದಲಾಗಾಕಿಲ್ಲ, ಬೀಗ್ರಿಗೆ ಮುಂಚೇನೇ ಹೇಳ್ಬಿಡಿ.” ಉಲ್ಟಾಣ್ಣನ ಹೆಂಡತಿಯ ಹೆಸರೂ ಅಂಥದ್ದೇ, ಜಲಜ. “ಇವ್ಳನ್ನ ತಿರುಗ್ಸಕ್ಕೆ ಹತ್ತು ವರ್ಷದಿಂದ ನೋಡ್ತಾ ಇದೀನಿ, ಹಿಂದಿಂದ ಕರೆದ್ರೂ ಅವ್ಳೇ ಬರ್ತಾಳೆ” ಎಂದು ಮಧ್ಯಾಹ್ನ ಬುತ್ತಿ ತಂದ ಜಲಜಕ್ಕನ ಎದುರೇ ಹೇಳುತ್ತಿದ್ದರು. ಜಲಜಕ್ಕ ತಮಿಳಿನಲ್ಲಿ ಏನೋ ಬೈದು ಬುತ್ತಿಯನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು.

ನನ್ನ ಕೆಲಸ ಓದುವುದು. ಅಚ್ಚಿಗೆ ಬಂದ ಕೈಬರಹವನ್ನು ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು, ಅವರು ಕೇಳಿಕೊಂಡು ಮೊಳೆ ಎತ್ತಬೇಕು. ನನಗಿಂತ ಮುಂಚೆ ಪ್ರೆಸ್ಸಿನ ಸಾಹುಕಾರರೇ ಓದುತ್ತಿದ್ದರಂತೆ. ಬೇರೆ ಪ್ರೆಸ್ಸುಗಳಲ್ಲಿ ಹೀಗಿಲ್ಲ, ಜೋಡಿಸುವವನೇ ನೋಡಿಕೊಂಡು ಜೋಡಿಸುತ್ತಾನೆ ಎಂದು ಯಾರೋ ಹೇಳಿದಾಗ ನಾನು ಅವರನ್ನೇ ಕೇಳಿದೆ. “ಕಣ್ಣು ಇರೋದು ಎಲ್ಡು ಕಣಮ್ಮ. ಎಲ್ಡೂ ಮೊಳೆ ಮ್ಯಾಲೆ ಇರ್ಬೇಕು. ನೀ ಓದು” ಎಂದರು. ಕೈ ಅಷ್ಟು ವೇಗವಾಗಿ ಓಡುತ್ತಿತ್ತಾದ್ದರಿಂದ ನಾನು ನಂಬಿದೆ. ನನ್ನ ಗಂಟಲೇ ಅವರ ಕೈಗೆ ಸಾಲುತ್ತಿರಲಿಲ್ಲ. ತಪ್ಪು ಉಚ್ಚಾರ ಮಾಡಿದರೆ ಕೈ ನಿಲ್ಲುತ್ತಿತ್ತು. “ಸಾಹೇಬ್ರು ‘ಶ’ ಅಂದ್ರೋ ‘ಷ’ ಅಂದ್ರೋ? ನಮ್ಗೆ ಅವೆಲ್ಡೂ ಬ್ಯಾರೆ ಬ್ಯಾರೆ ಮನೇಲಿ ಮಲಗ್ತವೆ.” ಇವತ್ತು ನನ್ನ ಉಚ್ಚಾರ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಅದು ಅವರಿಂದ.

ಎರಡನೇ ವರ್ಷ ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬೇಗ ಒಳಗೆ ಬಂದೆ. ಅವರು ಕಿಟಕಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ಯಾವುದೋ ಔಷಧಿ ಅಂಗಡಿಯ ತೆಳು ಕರಪತ್ರ. ಅದನ್ನು ತಲೆಕೆಳಗು ಮಾಡಿ, ಅಚ್ಚಾದ ಮುಖವನ್ನು ಬೆಳಕಿನ ಕಡೆಗಿಟ್ಟು, ಬೆನ್ನಿನ ಕಡೆಯಿಂದ ಓದುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ನಾನು ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಾಗಿಲ ಕಡೆ ನೋಡಿದರು.

ಅವತ್ತು ಹೇಳಿದರು. ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕವರಿದ್ದಾಗ ಪ್ರೆಸ್ಸಿನ ನೆಲದ ಮೇಲೆ ಬಿದ್ದ ಮೊಳೆ ಆರಿಸಿ ಅದರದರ ಖಾನೆಗೆ ಹಾಕುವ ಕೆಲಸಕ್ಕೆ ಬಂದರು. ಮನೆಯಲ್ಲಿ ತಮಿಳು, ತೋಟದಲ್ಲಿ ಎಲ್ಲ ಕಲಸಿದ ಮಾತು. ಕನ್ನಡ ಅಕ್ಷರವನ್ನು ಅವರು ಮೊದಲು ಕಂಡದ್ದೇ ಸೀಸದಲ್ಲಿ. ತಿರುಗಿದ ಅಕ್ಷರವೇ ಅಕ್ಷರ ಎಂದು ಕಲಿತುಬಿಟ್ಟರು. ಕಾಗದದ ಮೇಲಿನದು ಅವರಿಗೆ ಆಗಲೂ ಗುರುತು ಸಿಗುತ್ತಿರಲಿಲ್ಲ. ಒಂದೇ ಮಗ್ಗುಲಿಗೆ ಅಚ್ಚಾದ ತೆಳು ಕಾಗದವಾದರೆ ಬೆಳಕಿಗೆ ಹಿಡಿದು ಹೇಗೋ ಓದುತ್ತಿದ್ದರು. “ಪೇಪರ್ ಆಗಾಕಿಲ್ಲ. ಎಲ್ಡು ಕಡೆ ಅಕ್ಷರ ಇರ್ತದೆ, ಒಂದಕ್ಕೊಂದು ಗುದ್ದಾಡ್ತವೆ.”

ನಾನು ದಡ್ಡಿ. “ಅಷ್ಟೇನಾ ಅಣ್ಣ? ಹೇಳಿದ್ರೆ ಏನಾಯ್ತು?” ಎಂದೆ.

“ಊರೋರ ಮದುವೆ, ತಿಥಿ, ಎಲೆಕ್ಷನ್ನು ಎಲ್ಲಾ ಈ ಕೈಯಲ್ಲಿ ಆಗಿರೋದು. ಈ ಉಲ್ಟಾ ಆಟ ಯಾಕೆ ಆಡ್ತೀನಿ ಅಂದ್ಕೊಂಡಿದೀಯಾ? ಯಾರಾನ ಕಾಗದ ಕೊಟ್ಟು ಓದು ಅಂದ್ರೆ ಉಲ್ಟಾ ಹೇಳಿ ನಗಿಸ್ಬಿಡ್ತೀನಿ. ನಗ್ತಾ ನಗ್ತಾ ಕಾಗದ ವಾಪಸ್ ಇಸ್ಕೋತಾರೆ.” ಮತ್ತೊಮ್ಮೆ ಬಾಗಿಲ ಕಡೆ ನೋಡಿ, “ನಂಗೆ ಓದಕ್ಕೆ ಬರಾಕಿಲ್ಲ ಅಂತ ಗೊತ್ತಾದ್ರೆ ಈ ಊರಲ್ಲಿ ನಾ ಏನೂ ಅಲ್ಲ ಕಣಮ್ಮ. ಇದು ನಿನ್ ಹತ್ರನೇ ಇರ್ಲಿ” ಎಂದರು. ಸಾಹುಕಾರರಿಗೂ ಗೊತ್ತಿರಲಿಲ್ಲ; ಮೊಳೆ ಜೋಡಿಸುತ್ತಲೇ ಓದು ಕಲಿತಿದ್ದಾನೆ ಎಂದು ಅವರು ತಿಳಿದಿದ್ದರು. ಜಲಜಕ್ಕನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಆಮೇಲೆ ನಾನು ಎಲ್ಲವನ್ನೂ ಗಟ್ಟಿಯಾಗಿ ಓದತೊಡಗಿದೆ. ಕರೆಂಟ್ ಬಿಲ್ಲು, ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ. ನನಗೇ ಓದಿಕೊಳ್ಳುವಂತೆ ಓದುತ್ತಿದ್ದೆ. ಬಾಷಾ ಭಾಯ್ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದರು. ಯಾರಾದರೂ ಅಣ್ಣನ ಕೈಗೆ ಕಾಗದ ಕೊಟ್ಟರೆ ಮಧ್ಯದಲ್ಲಿ ಕಿತ್ತುಕೊಳ್ಳುವುದೂ ನನ್ನ ಕೆಲಸವೇ. ಅದರಲ್ಲಿ ನನಗೊಂದು ಜಂಬವೂ ಇತ್ತು ಎಂದು ಈಗ ಅನಿಸುತ್ತದೆ. ಊರನ್ನೇ ನಗಿಸುವ ಮನುಷ್ಯ ನನ್ನ ಗಂಟಲನ್ನು ನಂಬಿಕೊಂಡಿದ್ದಾರೆ ಎಂಬ ಜಂಬ.

ಪ್ರೆಸ್ಸಿಗೆ ಇಪ್ಪತ್ತೈದು ತುಂಬಿದ ವರ್ಷ ಸಾಹುಕಾರರು ಆಯುಧಪೂಜೆಯ ದಿನವೇ ಬೆಳ್ಳಿಹಬ್ಬ ಇಟ್ಟುಕೊಂಡರು. ಮೊಳೆಯ ಖಾನೆಗಳಿಗೆಲ್ಲ ಅರಿಶಿನ ಕುಂಕುಮ, ಟ್ರೆಡಲ್ಲಿಗೆ ಸೇವಂತಿಗೆ ಹಾರ, ಅಂಗಳದಲ್ಲಿ ಶಾಮಿಯಾನ. ಮುಖ್ಯ ಅತಿಥಿಯಾಗಿ ಒಬ್ಬ ನಿವೃತ್ತ ಹೆಡ್ಮಾಸ್ಟರರನ್ನು ಕರೆದಿದ್ದರು. ಅವರಿಗೆ ಕೊಡುವ ಬಿನ್ನವತ್ತಳೆಯನ್ನು ನಾನೇ ಬರೆದು ಓದಿದೆ, ಅಣ್ಣ ಜೋಡಿಸಿದರು. ಒಮ್ಮೆ ಜೋಡಿಸಿದ್ದು ಅವರಿಗೆ ಬಾಯಿಪಾಠ. ಅದು ಮುಗಿಸಿ ಶ್ರೀಮಂಗಲದ ಎಸ್ಟೇಟಿನಲ್ಲಿದ್ದ ತಂಗಿಯ ಮನೆಗೆಂದು ಎರಡು ದಿನ ರಜೆ ಹಾಕಿ ಹೋದರು.

ಹಬ್ಬದ ಹಿಂದಿನ ದಿನ ಹೆಡ್ಮಾಸ್ಟರರಿಗೆ ಎದೆನೋವು ಬಂದು ಮೈಸೂರಿಗೆ ಕರೆದುಕೊಂಡು ಹೋದರು. ಸಾಹುಕಾರರು ಓಡಾಡಿ ಪೇಟೆಯ ಹಳೆಯ ಲೇಡಿ ಡಾಕ್ಟರನ್ನು ಒಪ್ಪಿಸಿ ಬಂದರು. ನಾನು ಬಿನ್ನವತ್ತಳೆಯ ಮಾತು ಬದಲಿಸಿದೆ. ನಾನೂ ಬಾಷಾ ಭಾಯೂ ಸೇರಿ, ಒಂದು ಸಾಲಿಗೆ ಅರ್ಧ ಗಂಟೆಯಂತೆ ಮೊಳೆ ಹುಡುಕಿ ಜೋಡಿಸಿ, ಅಚ್ಚು ಹಾಕಿ, ಗಾಜಿನ ಕಟ್ಟು ಹಾಕಿಸಿದೆವು. ಅಣ್ಣ ಬಂದ ಕೂಡಲೇ ಹೇಳಬೇಕು ಎಂದುಕೊಂಡೇ ಇದ್ದೆ.

ಬೆಳಿಗ್ಗೆ ನಾನು ಹೊಸ ರೇಷ್ಮೆ ಸೀರೆ ಉಟ್ಟು ಗೇಟಿನಲ್ಲಿ ಪನ್ನೀರು ಚಿಮುಕಿಸುತ್ತಾ ನಿಂತಿದ್ದೆ. ಬಂದವರಲ್ಲಿ ನನ್ನನ್ನು ನೋಡಿಹೋಗಲೆಂದು ಬಂದ ಗಂಡಿನ ಕಡೆಯ ಇಬ್ಬರು ಹೆಂಗಸರೂ ಇದ್ದರು. ಅಷ್ಟು ಹೊತ್ತಿಗೆ ಅಣ್ಣ ಬಸ್ಸಿಳಿದು ಚೀಲ ಹಿಡಿದು ಬಂದರು. ದೂರದಿಂದಲೇ ಕೂಗಿದರು: “ಓಹೋಹೋ, ದಾರಶಾ ಸಾಹೇಬ್ರು ಸೀರೆ ಉಟ್ಕೊಂಡ್ ಬಂದವ್ರೆ! ಮೀಸೆ ಎಲ್ಲೋಯ್ತು ಸಾಹೇಬ್ರೆ?” ಎಲ್ಲರೂ ನಕ್ಕರು. ಆ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಮುಖ ತಿರುಗಿಸಿ ಒಳಗೆ ಹೋದೆ, ಹೇಳಬೇಕಾದ್ದನ್ನು ಹೇಳಲಿಲ್ಲ.

ಬಿನ್ನವತ್ತಳೆ ಓದಬೇಕಾದವಳು ನಾನು. ಆದರೆ ಸಾಹುಕಾರರಿಗೆ ಆ ಹೊತ್ತಿಗೆ ಏನು ಪ್ರೀತಿ ಉಕ್ಕಿತೋ, “ಇಷ್ಟು ವರ್ಷ ಮರೇಲಿ ನಿಂತು ಜೋಡಿಸ್ದೋನು ಇವ್ನು. ಇವತ್ತು ಇವ್ನೇ ಓದ್ಲಿ” ಎಂದು ಮೈಕಿನಲ್ಲೇ ಹೇಳಿ, ಅಷ್ಟು ಹೊತ್ತೂ ಹಿಂದುಗಡೆ ಊಟದ ಏರ್ಪಾಟು ನೋಡುತ್ತಿದ್ದ ಅಣ್ಣನನ್ನು ಕರೆದರು. ಚಪ್ಪಾಳೆ. ಅಣ್ಣ ಹೆದರಿದಂತೆ ಕಾಣಲಿಲ್ಲ. ಬಾಯಿಪಾಠ ಇತ್ತಲ್ಲ. ಆಗ ನಾನು ಎದ್ದು ನಿಲ್ಲಬಹುದಿತ್ತು. ಗಂಟಲು ಕಟ್ಟಿದೆಯೆಂದೋ ಚಷ್ಮಾ ಮರೆತಿದ್ದಾರೆಂದೋ ಏನಾದರೂ ಹೇಳಿ ಕಿತ್ತುಕೊಳ್ಳಬಹುದಿತ್ತು, ದಿನಾ ಮಾಡುತ್ತಿದ್ದ ಕೆಲಸವೇ. ಸುಳ್ಳು ಹೇಳುವುದಿಲ್ಲ, ‘ಸ್ವಲ್ಪ ಅನುಭವಿಸಲಿ’ ಎಂದುಕೊಂಡು ಕೂತೆ.

ಅವರು ಕಟ್ಟನ್ನು ಎದೆಯ ಮಟ್ಟಕ್ಕೆ ಹಿಡಿದು, ತಮ್ಮ ದೊಡ್ಡ ದನಿಯಲ್ಲಿ ಶುರು ಮಾಡಿದರು. “ಪೂಜ್ಯ ಗುರುಗಳೇ, ಬಿಳಿಯ ಪಂಚೆಯುಟ್ಟು ಸೈಕಲ್ಲಿನ ಮೇಲೆ ಹಳ್ಳಿಹಳ್ಳಿಗೆ ಹೋಗಿ, ಅಕ್ಷರ ಅರಿಯದ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ತಾವು…” ಜನ ಗುಸುಗುಸು ಎಂದರು. ಅಣ್ಣ ತಲೆಯೆತ್ತಿ ಅತಿಥಿಯ ಕುರ್ಚಿಯನ್ನು ನೋಡಿದರು. ಅಲ್ಲಿ ಲೇಡಿ ಡಾಕ್ಟರು ಕೂತಿದ್ದರು. ಮತ್ತೆ ಕಟ್ಟನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಗ ನಾನು ತಲೆ ತಗ್ಗಿಸಿದೆ.

ಅವರು ಕಟ್ಟನ್ನು ತಲೆಕೆಳಗು ಮಾಡಿದರು. ಮುಖವನ್ನು ಆಚೆ ತಿರುಗಿಸಿ, ಶಾಮಿಯಾನದ ಸಂದಿಯ ಬಿಸಿಲಿಗೆ ಎತ್ತಿ ಹಿಡಿದು, ಬೆನ್ನಿನ ಕಡೆಯಿಂದ ನೋಡಿದರು. ಹಿಂದೆ ರಟ್ಟು ಹಾಕಿ ಕಬ್ಬಿಣದ ಮೊಳೆ ಹೊಡೆದಿದ್ದರು. ಬೆಳಕು ಹೇಗೆ ಬರಬೇಕು? ಜನ ಮೊದಲು ಇದೂ ಅವರ ಆಟವೇ ಎಂದು ನಕ್ಕರು. “ಉಲ್ಟಾ ಹಿಡ್ದವ್ನೆ ನೋಡ್ರೋ!” ಎಂದು ಯಾರೋ ಕೂಗಿದರು. ಅವರು ಹಾಗೇ ಹಿಡಿದುಕೊಂಡು ನಿಂತಿದ್ದರು, ಇಳಿಸಲೇ ಇಲ್ಲ. ನಗು ತಾನಾಗಿ ನಿಂತುಹೋಯಿತು. ಕೊನೆಗೆ ಸಾಹುಕಾರರ ಮಗ ಬಂದು ಅವರ ಕೈಯಿಂದ ಕಟ್ಟು ಬಿಡಿಸಿಕೊಂಡು ನನಗೆ ಕೊಟ್ಟ. ನಾನು ಓದಿದೆ. ಮೊದಲಿಂದ ಕೊನೆಯವರೆಗೆ ಒಂದು ತಪ್ಪಿಲ್ಲದೆ, ‘ಶ’ಗೆ ‘ಶ’, ‘ಷ’ಗೆ ‘ಷ’. ನನಗೂ ಚಪ್ಪಾಳೆ ಬಿತ್ತು.

ಸಾಹುಕಾರರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಊರೂ ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಮದುವೆ ಪತ್ರಿಕೆಗೆ ಬಂದವರು ಈಗ ಹೆಸರು ತಿರುಗಿಸಿ ಎಂದು ಕೇಳುತ್ತಿರಲಿಲ್ಲ. ಪ್ರೂಫನ್ನು ಎರಡೆರಡು ಸಲ ನೋಡಿ, “ಇದನ್ನ ಓದಕ್ಕೆ ಬರೋರು ಯಾರಾದ್ರೂ ನೋಡವ್ರಾ?” ಎಂದು ಕೇಳುತ್ತಿದ್ದರು. ಉಲ್ಟಾಣ್ಣ ಎಂಬ ಹೆಸರು ಅದೇ ಇತ್ತು, ಕರೆಯುವ ರೀತಿ ಬೇರೆಯಾಯಿತು. ಹೋಟೆಲಿನಲ್ಲಿ ಅವರು “ಮೂರು ಕಾಫಿ” ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ನನ್ನನ್ನು ಶಾರದಮ್ಮ ಎಂದು ಕರೆಯತೊಡಗಿದರು, ಬಹುವಚನದಲ್ಲಿ.

ಒಂದು ವಾರ ಬಿಟ್ಟು ಒಂದನೇ ಕ್ಲಾಸಿನ ಪುಸ್ತಕ ತೆಗೆದುಕೊಂಡು ಹೋದೆ. ಊಟದ ಬಿಡುವಿನಲ್ಲಿ ಕಲಿಸುತ್ತೇನೆ ಅಣ್ಣ ಎಂದೆ. ಅವರು ಬೇಡ ಎನ್ನಲಿಲ್ಲ. ಹತ್ತು ಹದಿನೈದು ದಿನ ಪಾಪ ಕೂತರು. ಮೊಳೆಯಲ್ಲಾದರೆ ಕಣ್ಣು ಮುಚ್ಚಿ ಗುರುತಿಸುತ್ತಿದ್ದ ಅಕ್ಷರದ ಮೇಲೆ ಬೆರಳಿಟ್ಟು ಬೆವರುತ್ತಿದ್ದರು. “ಎಲ್ಲಾ ನಂಗೆ ಬೆನ್ನು ಮಾಡ್ಕಂಡು ನಿಂತಂಗೆ ಕಾಣ್ತವೆ ಶಾರದಮ್ಮ. ಮುಖ ಕಾಣ್ಸಾಕಿಲ್ಲ.” ಹದಿನಾರನೇ ದಿನ ಪುಸ್ತಕವನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟರು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. “ಬಿಡಿ” ಎಂದರು, ಅಷ್ಟೇ.

ಮುಂದಿನ ವರ್ಷ ಸಾಹುಕಾರರ ಮಗ ಕಂಪ್ಯೂಟರ್ ತಂದ. ಕೂರಲು ಅಣ್ಣನನ್ನೇ ಕರೆದ. “ಶಾರದಕ್ಕ ಓದ್ತಾರೆ, ನೀವು ಒತ್ತಿದ್ರೆ ಆಯ್ತು. ಖಾನೆ ಇದ್ದಂಗೇ ಅಣ್ಣ” ಎಂದ. ಅದು ನಿಜವೂ ಹೌದು. ಕೀಲಿಗಳ ಜಾಗ ಅವರ ಬೆರಳಿಗೆ ಒಂದು ತಿಂಗಳಲ್ಲಿ ಬರುತ್ತಿತ್ತು. ಆದರೆ ಪರದೆಯ ಮುಂದೆ ಕೂತವನ ಹಿಂದೆ ಬಂದವರೆಲ್ಲ ನಿಂತು ನೋಡುತ್ತಾರೆ. ಅವರು ಎರಡು ದಿನ ಕೂತು ಮೂರನೆಯ ದಿನ ಬರಲಿಲ್ಲ. ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗಿಗೆ ಸೇರಿದರೆಂದು ಬಾಷಾ ಭಾಯ್ ಹೇಳಿದರು. ಆಮೇಲೆ ಗೇಟಿನ ವಾಚ್‌ಮನ್ ಕೆಲಸ ಸಿಕ್ಕಿತ್ತಂತೆ. ಬಂದು ಹೋಗುವ ಗಾಡಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ತಿಳಿದು ಅದನ್ನೂ ಬಿಟ್ಟರಂತೆ. ಆ ಬೇಸಿಗೆಯಲ್ಲಿ ಸಾಹುಕಾರರು ಮೊಳೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕರಗಿಸುವವರಿಗೆ ಕೊಟ್ಟುಬಿಟ್ಟರು. ‘ಶ’ವೂ ‘ಷ’ವೂ ಒಂದೇ ಚೀಲದಲ್ಲಿ ಹೋದವು.

ಆ ಹೆಂಗಸರು ಬೇಡವೆಂದದ್ದು ಬೇರೆ ಕಾರಣಕ್ಕಂತೆ. ಆಮೇಲೆ ನನಗೆ ಬೇರೆ ಕಡೆ ಮದುವೆಯಾಯಿತು, ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಮೂರು ವರ್ಷದ ಹಿಂದೆ ಒಂದು ಶನಿವಾರ ಸಂತೆಯಲ್ಲಿ ಅವರನ್ನು ಕಂಡೆ. ಹಸಿಮೆಣಸಿನಕಾಯಿ ಗುಡ್ಡೆಯ ಮುಂದೆ ಬಗ್ಗಿದ್ದರು. ಕೂದಲೆಲ್ಲ ಬೆಳ್ಳಗಾಗಿ ಕುತ್ತಿಗೆ ಸಣ್ಣಗಾಗಿತ್ತು. ಹತ್ತಿರ ಹೋಗಿ, “ಅಣ್ಣ, ನಾನು ದಾರಶಾ” ಎಂದೆ. ಎಷ್ಟೋ ವರ್ಷ ಮನಸ್ಸಿನಲ್ಲೇ ಹೇಳಿಕೊಂಡು ಸಿದ್ಧವಾಗಿದ್ದ ಮಾತು ಅದು. ಅವರು ತಲೆಯೆತ್ತಿ ನೋಡಿ, ಗುರುತು ಹಿಡಿದು, ಕೈಮುಗಿದರು. “ಓ, ಶಾರದಮ್ಮನೋರಾ. ಚೆನ್ನಾಗಿದೀರಾ?” ಎಂದರು. ಚೆನ್ನಾಗಿದ್ದೇನೆ ಎಂದೆ. ಅವರು ಮೆಣಸಿನಕಾಯಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಹೋದ ತಿಂಗಳು ಜಲಜಕ್ಕ ಮನೆಗೆ ಬಂದಾಗಲೇ ನನಗೆ ವಿಷಯ ಗೊತ್ತಾದದ್ದು. ಜ್ವರ ಅಂತ ಮಲಗಿದವರು ಏಳಲಿಲ್ಲವಂತೆ. ಹದಿನಾರನೇ ದಿನದ ಕಾರ್ಯಕ್ಕೆ ಕಾರ್ಡ್ ಮಾಡಿಸಬೇಕು, ಅವರು ಕೆಲಸ ಮಾಡಿದ ಪ್ರೆಸ್ಸಿನಲ್ಲೇ ಆಗಬೇಕು, ಬರೆದುಕೊಡಮ್ಮ ಎಂದರು. ಬರೆದೆ. ಬರೆಯುತ್ತಾ ತಡೆಯಲಾಗದೆ, “ನನ್ನ ವಿಷ್ಯ ಏನಾದ್ರೂ ಹೇಳ್ತಿದ್ರಾ ಅಕ್ಕ?” ಎಂದು ಕೇಳಿದೆ. ಜಲಜಕ್ಕ ಪ್ರಾಮಾಣಿಕವಾಗಿ ಯೋಚನೆ ಮಾಡಿದರು. “ಇಲ್ಲಮ್ಮ. ಪ್ರೆಸ್ಸು ಮಾತೇ ಎತ್ತುತಿರ್ಲಿಲ್ಲ ಅವ್ರು” ಎಂದರು.

ಇಬ್ಬರೂ ಪ್ರೆಸ್ಸಿಗೆ ಹೋದೆವು. ಒಂದೇ ಮಗ್ಗುಲಿಗೆ, ತೆಳು ಕಾಗದದ ಮೇಲೆ ಹಾಕಿಕೊಡು ಎಂದು ಸಾಹುಕಾರರ ಮಗನನ್ನು ಕೇಳಿದೆ. “ತೆಳು ಪೇಪರ್ ಈ ಮೆಷಿನ್ನಿಗೆ ಆಗಲ್ಲ ಅಕ್ಕ, ಒಳಗೆ ಸಿಕ್ಕಾಕೊಳ್ಳುತ್ತೆ. ದಪ್ಪ ಬೋರ್ಡಲ್ಲೇ ಕೊಡ್ತೀನಿ, ಚೆನ್ನಾಗ್ ಕಾಣುತ್ತೆ” ಎಂದ. ಹತ್ತು ನಿಮಿಷದಲ್ಲಿ ಕಾರ್ಡುಗಳು ಬಂದವು. ಹೊಳೆಯುವ ಗಟ್ಟಿ ಕಾರ್ಡು, ಮೇಲೆ ಅವರ ಫೋಟೋ, ಕೆಳಗೆ ಹೆಸರು.

ಜಲಜಕ್ಕ ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟು, “ಸರಿಯಾಗಿ ಐತಾ ನೋಡಮ್ಮ” ಎಂದರು. ಕಿಟಕಿ ಹಳೆಯ ಜಾಗದಲ್ಲೇ ಇತ್ತು. ಅಲ್ಲಿಗೆ ಹೋಗಿ ಕಾರ್ಡನ್ನು ತಲೆಕೆಳಗು ಮಾಡಿ, ಮುಖವನ್ನು ಬೆಳಕಿಗಿಟ್ಟು, ಬೆನ್ನಿನ ಕಡೆಯಿಂದ ನೋಡಿದೆ. ಎಷ್ಟು ಹೊತ್ತು ಹಿಡಿದರೂ ಬರೀ ಬಿಳಿ. ಒಂದಕ್ಷರವೂ ಈಚೆಗೆ ಬರಲಿಲ್ಲ.

“ಏನಾರ ತಪ್ಪೈತಾ?” ಎಂದರು ಜಲಜಕ್ಕ.

ಇಲ್ಲ ಅಕ್ಕ, ಎಲ್ಲ ಸರಿಯಾಗಿದೆ ಎಂದೆ.